ಪೈಲ್ವಾನನ ಹೆಸರು ಯಾರ ಆಸ್ತಿ?

2024ರ ಜನವರಿಯಲ್ಲಿ ಡ್ವೇನ್ ಜಾನ್ಸನ್ ಡಬ್ಲ್ಯುಡಬ್ಲ್ಯುಇ ಕುಸ್ತಿಯನ್ನು ನಡೆಸುವ ಅಮೆರಿಕದ ಟಿಕೆಒ ಕಂಪನಿಯ ನಿರ್ದೇಶಕ ಮಂಡಳಿ ಸೇರಿದರು. ಅವರಿಗೆ ಸಿಗಲಿದ್ದ ಸುಮಾರು 3 ಕೋಟಿ ಡಾಲರ್ ಮೌಲ್ಯದ ಷೇರುಗಳೇ ಅಂದಿನ ದೊಡ್ಡ ಸುದ್ದಿ. ಅದೇ ಒಪ್ಪಂದದಲ್ಲಿ ಇನ್ನೊಂದು ಅಂಶವೂ ಇತ್ತು: ‘ದಿ ರಾಕ್’ ಎಂಬ ಹೆಸರಿನ ಹಕ್ಕು ಇನ್ನು ಮುಂದೆ ಅವರದೇ. 1996ರಲ್ಲಿ ರಿಂಗಿಗೆ ಇಳಿದು, ಆ ಹೆಸರಿನಿಂದಲೇ ಜಗತ್ತಿಗೆಲ್ಲ ಗೊತ್ತಾದ ಮನುಷ್ಯನಿಗೆ ಅದು ಸ್ವಂತ ಆಸ್ತಿಯಾಗಲು ಕಾಲು ಶತಮಾನವೇ ಹಿಡಿಯಿತು. 2002ರ ‘ದಿ ಸ್ಕಾರ್ಪಿಯನ್ ಕಿಂಗ್’ ಚಿತ್ರಕ್ಕೆ 55 ಲಕ್ಷ ಡಾಲರ್ ಪಡೆದು, ಮೊದಲ ಸಲ ನಾಯಕನಾದ ನಟನಿಗೆ ಸಿಕ್ಕ ಅತಿ ದೊಡ್ಡ ಸಂಭಾವನೆ ಎಂದು ಗಿನ್ನೆಸ್ ದಾಖಲೆ ಸೇರಿದಾಗಲೂ ಹೆಸರು ಮಾತ್ರ ಕುಸ್ತಿ ಕಂಪನಿಯದೇ ಆಗಿತ್ತು.

ಕುಸ್ತಿಯಿಂದ ಶ್ರೀಮಂತರಾದವರ ಪಟ್ಟಿ ಆಗಾಗ ಪ್ರಕಟವಾಗುತ್ತದೆ. ರಾಕ್, ಜಾನ್ ಸೀನ, ಟ್ರಿಪಲ್ ಎಚ್, ಸ್ಟೀವ್ ಆಸ್ಟಿನ್. ಎಲ್ಲರಿಗಿಂತ ಮೇಲೆ ವಿನ್ಸ್ ಮೆಕ್‌ಮಾಹನ್. ಮೇಲಿರುವ ಆ ಮೆಕ್‌ಮಾಹನ್ ಕುಸ್ತಿಪಟುವೇ ಅಲ್ಲ. ರಿಂಗಿಗೆ ಇಳಿದು ಪೆಟ್ಟು ತಿಂದದ್ದು ಉಂಟು, ಆದರೆ ಹಣ ಬಂದದ್ದು ರಿಂಗಿನ ಒಡೆತನದಿಂದ. 2023ರಲ್ಲಿ ಡಬ್ಲ್ಯುಡಬ್ಲ್ಯುಇ ಕಂಪನಿ ಯುಎಫ್‌ಸಿ ಜೊತೆ ಸೇರಿ ಟಿಕೆಒ ಆದಾಗ ಅದಕ್ಕೆ ಕಟ್ಟಿದ ಬೆಲೆ 930 ಕೋಟಿ ಡಾಲರ್. ‘ರಾ’ ಕಾರ್ಯಕ್ರಮವನ್ನು ಹತ್ತು ವರ್ಷ ತೋರಿಸಲು ನೆಟ್‌ಫ್ಲಿಕ್ಸ್ ಒಪ್ಪಿದ್ದು 500 ಕೋಟಿ ಡಾಲರಿಗೂ ಮೇಲೆ. ಇಷ್ಟು ಹಣ ಓಡಾಡುವ ಕಂಪನಿಯಲ್ಲಿ ಬೆನ್ನು ಮುರಿದುಕೊಳ್ಳುವವರು ಕಾಗದದ ಮೇಲೆ ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು. ನೌಕರನಿಗೆ ಸಿಗುವ ಆರೋಗ್ಯ ವಿಮೆ, ನಿವೃತ್ತಿ ಸೌಲಭ್ಯ ಅವರಿಗಿಲ್ಲ.

‘ಅದೆಲ್ಲ ಸುಳ್ಳು ಕುಸ್ತಿ, ಗೆಲ್ಲುವವರು ಯಾರೆಂದು ಮೊದಲೇ ನಿಗದಿ’ ಎಂದು ಮೂಗು ಮುರಿಯುವವರಿಗೆ ಕರಾವಳಿಯಲ್ಲಿ ನಿಂತು ಉತ್ತರ ಹೇಳುವುದು ಸುಲಭ. ಮಹಿಷಾಸುರ ಸಾಯುತ್ತಾನೆಂದು ಗೊತ್ತಿದ್ದೇ ನಾವು ಬೆಳಗಿನವರೆಗೆ ಯಕ್ಷಗಾನ ನೋಡುತ್ತೇವೆ. ನೋಡಬೇಕಾದದ್ದು ಬಣ್ಣದ ವೇಷ ಸಭೆಯ ನಡುವಿನಿಂದ ಆರ್ಭಟಿಸುತ್ತಾ ಬರುವ ಆ ಗತ್ತು. ವೃತ್ತಿಪರ ಕುಸ್ತಿಯೂ ವೇಷದ ವ್ಯಾಪಾರ. ಹಾಗಾಗಿಯೇ ಅಲ್ಲಿ ಬೆಲೆ ಇರುವುದು ತೋಳಿಗಲ್ಲ, ಪಾತ್ರಕ್ಕೆ. 2025ರ ಜುಲೈಯಲ್ಲಿ ತೀರಿಕೊಂಡ ಹಲ್ಕ್ ಹೋಗನ್ ಕಥೆಯೇ ಇದಕ್ಕೆ ಸಾಕ್ಷಿ. ‘ಹಲ್ಕ್’ ಎಂಬುದು ಮಾರ್ವೆಲ್ ಕಾಮಿಕ್ಸ್‌ನ ಪಾತ್ರದ ಹೆಸರಾದ್ದರಿಂದ, ಎಂಬತ್ತರ ದಶಕದಲ್ಲಿ ಆತ ಆಡಿದ ಒಂದೊಂದು ಪಂದ್ಯಕ್ಕೂ ಮಾರ್ವೆಲ್‌ಗೆ 100 ಡಾಲರ್ ಸಲ್ಲುವ ಒಪ್ಪಂದವಿತ್ತು. ಹೊಡೆತ ತಿನ್ನುವವನು ಒಬ್ಬ, ಹೆಸರಿಗೆ ಬಾಡಿಗೆ ಪಡೆಯುವವನು ಇನ್ನೊಬ್ಬ.

ವಿಶ್ವ ಕೊಂಕಣಿ ಕೇಂದ್ರ, ಕಲಾಂಗಣಗಳಿರುವ ನಮ್ಮ ಮಂಗಳೂರಿನ ಶಕ್ತಿನಗರದಲ್ಲಿ ಸಂಜೆ ಜಿಮ್ಮಿಗೆ ಹೋಗುವ ಹುಡುಗರಿಗೆ ರಾಕ್ ಗೊತ್ತಿರುವುದು ಸಿನಿಮಾದಿಂದ. ಅವರ ಅಪ್ಪಂದಿರಿಗೆ ಗೊತ್ತಾದದ್ದು ಇಸ್ಪೀಟಿನಷ್ಟೇ ದೊಡ್ಡ ಟ್ರಂಪ್ ಕಾರ್ಡಿನಿಂದ. ತೊಂಬತ್ತರ ದಶಕದಲ್ಲಿ ಕೇಬಲ್ ಬಂದ ಮನೆಯ ಜಗಲಿಯಲ್ಲೆಲ್ಲ ಆ ಆಟ ನಡೆಯುತ್ತಿತ್ತು. ಒಂದೊಂದು ಕಾರ್ಡಿನಲ್ಲೂ ಒಬ್ಬೊಬ್ಬನ ಫೋಟೊ, ಕೆಳಗೆ ರ‍್ಯಾಂಕ್, ಎತ್ತರ, ತೂಕ, ಎದೆಯ ಸುತ್ತಳತೆ, ಬೈಸೆಪ್ಸ್, ಆಡಿದ ಪಂದ್ಯ. ತೂಕ ಕೂಗಿದರೆ ಯೊಕೊಜುನನನ್ನು ಮೀರಿಸುವವರಿಲ್ಲ. ಯಾರು ಎಷ್ಟು ದುಡಿದ ಎಂಬ ಸಾಲು ಮಾತ್ರ ಕಾರ್ಡಿನಲ್ಲಿರಲಿಲ್ಲ. ಮೈಕಟ್ಟಿದ್ದರೆ ಹಣ ತಾನಾಗಿ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬೇರು ಬಿಟ್ಟಿರುವುದರಲ್ಲಿ ಆ ಕಾರ್ಡುಗಳ ಪಾಲೂ ಸ್ವಲ್ಪ ಇರಬೇಕು.

ಬೆಲೆ ಇರುವುದು ಮೈಕಟ್ಟಿಗಲ್ಲ, ಹೆಸರಿಗೆ ಎಂಬ ಗುಟ್ಟನ್ನು ಭಾರತದಲ್ಲಿ ಮೊದಲು ಅರಿತವರು ದಾರಾ ಸಿಂಗ್. ಅಮೃತಸರ ಸೀಮೆಯ ಹಳ್ಳಿಯಿಂದ ನಲವತ್ತರ ದಶಕದಲ್ಲಿ ಸಿಂಗಪುರಕ್ಕೆ ಹೋಗಿ ಕುಸ್ತಿಯಲ್ಲಿ ಹೆಸರು ಮಾಡಿದರು, 1968ರಲ್ಲಿ ಅಮೆರಿಕದ ಲೂ ಥೆಸ್‌ರನ್ನು ಮುಂಬೈಯಲ್ಲಿ ಸೋಲಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. 1962ರ ‘ಕಿಂಗ್ ಕಾಂಗ್’ನಿಂದ ನಾಯಕ ನಟ, ಮುಂದೆ ನಿರ್ಮಾಪಕ, ನಿರ್ದೇಶಕ, 1978ರಲ್ಲಿ ಮೊಹಾಲಿಯಲ್ಲಿ ‘ದಾರಾ ಸ್ಟುಡಿಯೊ’. ‘ರಾಮಾಯಣ’ ಧಾರಾವಾಹಿಯ ಹನುಮಂತನಾಗಿ ಮನೆಮಾತಾದಾಗ ವಯಸ್ಸು ಅರವತ್ತರ ಹತ್ತಿರ. 2003ರಿಂದ 2009ರವರೆಗೆ ರಾಜ್ಯಸಭೆ ಸದಸ್ಯ. ತನ್ನ ಹೆಸರನ್ನು ಬೇರೆಯವರು ಮಾರುವ ಮೊದಲು ತಾನೇ ಅಂಗಡಿ ಇಟ್ಟ ಮನುಷ್ಯ ಅವರು. ಅದಕ್ಕೂ ಹಿಂದಿನ ತಲೆಮಾರಿನ ಗಾಮಾ ಪೈಲ್ವಾನರಿಗೆ ಈ ದಾರಿ ಇರಲಿಲ್ಲ. 1910ರಲ್ಲಿ ಲಂಡನ್ನನ್ನೇ ಬೆರಗಾಗಿಸಿದ, ಪಟಿಯಾಲ ಮಹಾರಾಜರ ಆಶ್ರಯದಲ್ಲಿದ್ದ ಆ ಮಲ್ಲ, ದೇಶ ಇಬ್ಭಾಗವಾಗಿ ಅರಮನೆಗಳ ಕಾಲ ಮುಗಿದ ಮೇಲೆ ಲಾಹೋರಿನಲ್ಲಿ ಕಷ್ಟದಲ್ಲೇ ದಿನ ಕಳೆದು 1960ರಲ್ಲಿ ತೀರಿಕೊಂಡರು.

ಮೈಕಟ್ಟನ್ನೇ ಬಂಡವಾಳ ಮಾಡಿಕೊಂಡ ಮಂಗಳೂರಿಗರೂ ಇದ್ದಾರೆ. ಎಂ.ಬಿ. ಶೆಟ್ಟಿ ಕುಸ್ತಿಪಟು ಅಲ್ಲ. ಇಲ್ಲಿಂದ ಮುಂಬೈಗೆ ಹೋಗಿ ಬಾಕ್ಸಿಂಗ್‌ನಲ್ಲಿ ಪಳಗಿ, ಹಿಂದಿ ಸಿನಿಮಾದ ಸಾಹಸ ನಿರ್ದೇಶಕರಾದವರು. ಅವರ ಬೋಳು ತಲೆ ಪರದೆಯ ಮೇಲೆ ಕಂಡರೆ ಸಾಕು, ನಾಯಕನಿಗೆ ಕಷ್ಟ ಕಾದಿದೆ ಎಂದು ಎಪ್ಪತ್ತರ ದಶಕದ ಪ್ರೇಕ್ಷಕನಿಗೆ ತಿಳಿಯುತ್ತಿತ್ತು. 1982ರಲ್ಲಿ ಅವರು ತೀರಿಕೊಂಡ ಮೇಲೆ ಮನೆ ಹಣಕಾಸಿನ ಸಂಕಷ್ಟಕ್ಕೆ ಬಿದ್ದದ್ದನ್ನು ಮಗ ರೋಹಿತ್ ಶೆಟ್ಟಿ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಹದಿಹರೆಯದಲ್ಲೇ ಸಹಾಯಕ ನಿರ್ದೇಶಕರಾಗಿ ಸೇರಿದ ಆ ಮಗ ಈಗ ‘ಸಿಂಘಂ’ ಸರಣಿಯ ನಿರ್ದೇಶಕ, ಸ್ವಂತ ನಿರ್ಮಾಣ ಸಂಸ್ಥೆಯ ಒಡೆಯ. ಅಪ್ಪ ಮಾಡಿದ್ದೂ ಹೊಡೆದಾಟದ ಕೆಲಸ, ಮಗ ಮಾಡುತ್ತಿರುವುದೂ ಅದೇ. ವ್ಯತ್ಯಾಸ ಇರುವುದು ಸಿನಿಮಾ ಯಾರ ಹೆಸರಿನಲ್ಲಿದೆ ಎಂಬುದರಲ್ಲಿ.

ಪಂಜಾಬ್ ಪೊಲೀಸ್‌ನಲ್ಲಿದ್ದ ದಿಲೀಪ್ ಸಿಂಗ್ ರಾಣಾ, ಅಂದರೆ ಖಲಿ, 2007ರಲ್ಲಿ ವಿಶ್ವ ಹೆವಿವೇಟ್ ಚಾಂಪಿಯನ್ ಪಟ್ಟ ಕಟ್ಟಿಸಿಕೊಂಡು ಊರಿಗೆ ಮರಳಿದ ಮೇಲೆ 2015ರಲ್ಲಿ ಜಲಂಧರ್‌ನಲ್ಲಿ ತಮ್ಮದೇ ತರಬೇತಿ ಕೇಂದ್ರ ತೆರೆದರು. ಅವರದ್ದೂ ಇದೇ ಲೆಕ್ಕಾಚಾರ.

ಈಗ ನಮ್ಮ ಅಖಾಡಕ್ಕೆ ಬರೋಣ. ತುಳುನಾಡಿನ ಗರಡಿಗಳು ಕೋಟಿ ಚೆನ್ನಯರ ಆರಾಧನೆಯ ತಾಣಗಳು. ಮಟ್ಟಿ ಕುಸ್ತಿಯ ಸೀಮೆ ಇರುವುದು ಘಟ್ಟದ ಮೇಲೆ. ಮೈಸೂರು ದಸರಾದ ನಾಡಕುಸ್ತಿ ನಡೆಯುವುದು ದೊಡ್ಡಕೆರೆ ಮೈದಾನದ ಸಾಹುಕಾರ್ ಚನ್ನಯ್ಯ ಅಖಾಡದಲ್ಲಿ. ಉತ್ತರ ಕರ್ನಾಟಕದಲ್ಲಿ ಜಾತ್ರೆ ಬಂದರೆ ಕುಸ್ತಿ ಇದ್ದದ್ದೇ. ಕಮಿಟಿಯವರು ಮೈಕಿನಲ್ಲಿ ಜೋಡಿಯ ಹೆಸರು ಕೂಗುತ್ತಾರೆ, ಹಲಗೆ ಬಡಿಯುತ್ತದೆ, ಕೆಂಪು ಮಣ್ಣು ಬೆನ್ನಿಗೆ ಹತ್ತಿದವನು ಏಳುವಷ್ಟರಲ್ಲಿ ಗೆದ್ದವನ ಕೈಗೆ ಊರವರು ನೂರರ, ಐನೂರರ ನೋಟು ತುರುಕುತ್ತಾರೆ. ಕೊನೆಯ ಜೋಡಿಗೆ ಬೆಳ್ಳಿ ಗದೆ. ಮೇಲೆ ಅಟ್ಟಣಿಗೆಯಲ್ಲಿ ಮೂರು ಕಾಲಿನ ಸ್ಟ್ಯಾಂಡಿಗೆ ಕ್ಯಾಮೆರಾ ಸಿಕ್ಕಿಸಿ ಯಾರೋ ಇದನ್ನೆಲ್ಲ ಯೂಟ್ಯೂಬಿಗೆ ಹರಿಯಬಿಡುತ್ತಿರುತ್ತಾರೆ. ಆ ವಿಡಿಯೊಗಳಲ್ಲಿ ಲಕ್ಷಗಟ್ಟಲೆ ಜನ ನೋಡಿದವೂ ಇವೆ. ಜಾಹೀರಾತಿನ ಹಣ ಬಂದರೆ ಅದು ಚಾನೆಲ್‌ನವರಿಗೆ. ಪೈಲ್ವಾನನಿಗೆ ಗದೆ ಮತ್ತು ಆ ನೋಟುಗಳು.

ಕುಸ್ತಿಗೆ ಜನ ಇಲ್ಲ, ಗರಡಿ ಮನೆಗಳು ಮುಚ್ಚುತ್ತಿವೆ ಎಂಬ ಗೋಳು ಹಳೆಯದು. ಜನ ಇಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಹಾಲು, ಬಾದಾಮಿ, ತುಪ್ಪ, ಮಾಂಸದ ಖುರಾಕಿಗೆ ದಿನವೂ ಖರ್ಚು ಮಾಡುವ ಪೈಲ್ವಾನನಿಗೆ ಆ ಜನರಿಂದ ಬರುವ ಹಣ ತಲುಪುತ್ತಿಲ್ಲ ಅಷ್ಟೆ. ಮೊದಲು ಅರಮನೆ ನೋಡಿಕೊಳ್ಳುತ್ತಿತ್ತು, ಆಮೇಲೆ ಸಾಹುಕಾರರು, ಈಗ ಜಾತ್ರೆ ಕಮಿಟಿ ಮತ್ತು ಸರ್ಕಾರ. ಮಾಜಿ ಪೈಲ್ವಾನರಿಗೆ ಸರ್ಕಾರ ಮಾಸಾಶನ ಕೊಡುತ್ತದೆ, ತಿಂಗಳಿಗೆ ಕೆಲವೇ ಸಾವಿರ ರೂಪಾಯಿ. ಕೊಡುವ ಕೈ ಬದಲಾಗಿದೆ, ಕೈಯೊಡ್ಡುವವನು ಅವನೇ.

ಪಕ್ಕದ ಮೈದಾನದಲ್ಲಿ ಏನಾಯಿತು ನೋಡಿ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದಾಗ ಅತಿ ಹೆಚ್ಚು ಬೆಲೆ ಪಡೆದ ಆಟಗಾರನಿಗೆ ಸಿಕ್ಕಿದ್ದು 12.80 ಲಕ್ಷ ರೂಪಾಯಿ. 2018ರ ಹರಾಜಿನಲ್ಲಿ ಮುಂಬೈಯಲ್ಲಿ ಬೆಳೆದ ರಿಶಾಂಕ್ ದೇವಾಡಿಗ 1.11 ಕೋಟಿಗೆ ಹೋದರು, ದಕ್ಷಿಣ ಕನ್ನಡದ ಪ್ರಶಾಂತ್ ಕುಮಾರ್ ರೈ 79 ಲಕ್ಷಕ್ಕೆ. ಗದ್ದೆಯ ಮಣ್ಣಿನಲ್ಲಿ, ಟ್ಯೂಬ್‌ಲೈಟಿನ ಬೆಳಕಿನಲ್ಲಿ ರಾತ್ರಿಯಿಡೀ ಆಡುತ್ತಿದ್ದ ಆಟವನ್ನು ಟಿವಿಗೆ ಒಗ್ಗಿಸಿದ್ದರ ಫಲ ಅದು. ಕುಸ್ತಿಗೂ ಅಂಥ ಪ್ರಯತ್ನ ನಡೆಯಿತು. 2015ರ ಪ್ರೊ ರೆಸ್ಲಿಂಗ್ ಲೀಗ್‌ನಲ್ಲಿ ಯೋಗೇಶ್ವರ್ ದತ್ 39.70 ಲಕ್ಷಕ್ಕೆ ಮಾರಾಟವಾದರು, ಬೆಂಗಳೂರಿನ ಹೆಸರಿನಲ್ಲೂ ಒಂದು ತಂಡವಿತ್ತು. 2019ರ ನಾಲ್ಕನೇ ಋತುವಿನ ನಂತರ ಲೀಗ್ ನಿಂತೇ ಹೋಯಿತು. ಮತ್ತೆ ಶುರುವಾದದ್ದು 2026ರ ಜನವರಿಯಲ್ಲಿ. ಅದು ಮ್ಯಾಟ್ ಕುಸ್ತಿ, ಒಲಿಂಪಿಕ್ ಮಾದರಿಯದು. ಜಾತ್ರೆಯ ಮಟ್ಟಿ ಪೈಲ್ವಾನನಿಗೆ ಅಲ್ಲಿ ಜಾಗ ಸಿಗುವುದು ಕಷ್ಟ. ಮೇಲಾಗಿ ಲೀಗ್ ಕೊಡುವುದೂ ಕೆಲವು ವರ್ಷದ ಸಂಬಳ ಮಾತ್ರ, ಪಾಲಲ್ಲ. ಮೊಣಕಾಲು ಹೋದ ಮರುವರ್ಷ ಹರಾಜಿನಲ್ಲಿ ಹೆಸರು ಕೂಗುವವರಿಲ್ಲ.

2019ರಲ್ಲಿ ಸುದೀಪ್ ‘ಪೈಲ್ವಾನ್’ ಆದರು, ಮೂಲ್ಕಿಯ ಸುನಿಲ್ ಶೆಟ್ಟಿ ಅವರ ಗುರುವಾದರು. ಪೈಲ್ವಾನನ ಕಥೆಗೆ ಕನ್ನಡದಲ್ಲಿ ಮಾರುಕಟ್ಟೆ ಇದೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಆ ಮಾರುಕಟ್ಟೆಯಲ್ಲಿ ನಿಜವಾದ ಪೈಲ್ವಾನನಿಗೂ ಪಾಲು ಕೊಡಿಸುವುದು ಬ್ರಹ್ಮವಿದ್ಯೆಯೇನಲ್ಲ. ಮೈಸೂರಿನಲ್ಲಿ ದಸರಾಕ್ಕೆ ಮುಂಚೆ ‘ಜೋಡಿ ಕಟ್ಟುವ’ ದಿನ ಎಂದಿದೆ. ಪೈಲ್ವಾನರೆಲ್ಲ ಸೇರುತ್ತಾರೆ, ತೂಕ, ಅನುಭವ ನೋಡಿ ಯಾರಿಗೆ ಯಾರು ಎಂದು ಹಿರಿಯರು ಗೊತ್ತು ಮಾಡುತ್ತಾರೆ. ಅದೇ ದಿನ, ಅದೇ ಮೇಜಿನ ಮೇಲೆ ಒಂದು ಹಾಳೆಯ ಕರಾರು ಇಡಬಹುದು: ಪಂದ್ಯದ ವಿಡಿಯೊದಿಂದ ಬರುವ ಹಣದಲ್ಲಿ ಇಬ್ಬರಿಗೂ ಇಷ್ಟು ಪಾಲು, ಪೈಲ್ವಾನನ ಹೆಸರು ಫೋಟೊ ಬಳಸುವ ಪ್ರಾಯೋಜಕರಿಂದ ಇಷ್ಟು, ಆ ದಿನದ ಪೆಟ್ಟಿಗೆ ವಿಮೆ. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ದಸರಾ ಕುಸ್ತಿ ಉಪಸಮಿತಿಯ ಒಂದು ನಿರ್ಣಯ ಸಾಕು. ಮೈಸೂರು ಶುರು ಮಾಡಿದರೆ ನಾಳೆ ಬೆಳಗಾವಿ, ಬಾಗಲಕೋಟೆಯ ಜಾತ್ರೆ ಕಮಿಟಿಗಳನ್ನೂ ಪೈಲ್ವಾನರೇ ಕೇಳುತ್ತಾರೆ.