ಎಡಿಎಚ್‌ಡಿ ತಪಾಸಣೆ ಮತ್ತು ಅರ್ಹ ತಜ್ಞರ ಆಯ್ಕೆ: ಒಂದು ವಿಶ್ಲೇಷಣೆ

ಗಮನ ನ್ಯೂನತೆ ಮತ್ತು ಅತಿಚಟುವಟಿಕೆಯ ತೊಂದರೆ, ಅಂದರೆ ಎಡಿಎಚ್‌ಡಿ, ಇತ್ತೀಚಿನ ವರ್ಷಗಳಲ್ಲಿ ಮಕ್ಕಳ ವಿಷಯದಲ್ಲಿ ಮಾತ್ರವಲ್ಲದೆ ವಯಸ್ಕರ ವಿಷಯದಲ್ಲಿಯೂ ಚರ್ಚೆಗೆ ಬಂದಿರುತ್ತದೆ. ಮೊಬೈಲಿನ ಪ್ರಶ್ನಾವಳಿಯನ್ನೇ ತಪಾಸಣೆಯೆಂದು ಭಾವಿಸುವವರೂ ಉಂಟು. ಆದರೆ ಯಾರು ನೀಡಿದ ವರದಿಗೆ ಎಲ್ಲಿ ಮಾನ್ಯತೆ ಇದೆ ಎಂಬುದು ಹಣ ವ್ಯಯವಾದ ನಂತರವೇ ಅನೇಕರಿಗೆ ತಿಳಿಯುತ್ತದೆ.

ಈ ತೊಂದರೆಯನ್ನು ನಿರ್ಣಯಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇರುವುದಿಲ್ಲ. 2013ರಲ್ಲಿ ಪ್ರಕಟವಾದ ಡಿಎಸ್‌ಎಂ-5 ಮಾನದಂಡಗಳ ಪ್ರಕಾರ ಲಕ್ಷಣಗಳು ಕನಿಷ್ಠ 6 ತಿಂಗಳು ಮುಂದುವರಿದಿರಬೇಕು. ಅವುಗಳಲ್ಲಿ ಹಲವು 12 ವರ್ಷಕ್ಕೆ ಮೊದಲೇ ಕಂಡುಬಂದಿರಬೇಕು. ಮನೆ, ಶಾಲೆ, ಕೆಲಸದಂತಹ ಎರಡು ಅಥವಾ ಹೆಚ್ಚಿನ ಸನ್ನಿವೇಶಗಳಲ್ಲಿ ಗೋಚರಿಸಬೇಕು. ಆದುದರಿಂದ ಶಾಲೆಯ ಮಾಹಿತಿಯನ್ನು ಕೇಳದೆ, ಬಾಲ್ಯದ ವಿವರ ಪಡೆಯದೆ ಹತ್ತು ನಿಮಿಷದಲ್ಲಿ ಮುಗಿಸುವ ತಪಾಸಣೆಯನ್ನು ನೆಚ್ಚಲಾಗದು. ಶ್ರವಣದೋಷ, ನಿದ್ರಾಹೀನತೆ, ಆತಂಕ ಮತ್ತು ಕಲಿಕಾ ನ್ಯೂನತೆಗಳೂ ಇದೇ ರೀತಿ ತೋರಬಹುದಾಗಿದ್ದು, ಅವುಗಳನ್ನು ಬೇರ್ಪಡಿಸಿ ನೋಡುವುದೇ ತಜ್ಞರ ಮುಖ್ಯ ಕಾರ್ಯ. ಗಲಾಟೆ ಮಾಡದೆ ಹಿಂದಿನ ಬೆಂಚಿನಲ್ಲಿ ಕುಳಿತಿರುವ ಮಕ್ಕಳು, ವಿಶೇಷವಾಗಿ ಹೆಣ್ಣುಮಕ್ಕಳು, ಗಮನಕ್ಕೆ ಬಾರದೆ ಉಳಿಯುತ್ತಾರೆ.

ರೋಗನಿರ್ಣಯ ಮಾಡಿ ಔಷಧಿ ಬರೆಯುವ ಅಧಿಕಾರ ಮನೋವೈದ್ಯರಿಗೆ ಇರುತ್ತದೆ. ಕ್ಲಿನಿಕಲ್ ಸೈಕಾಲಜಿಸ್ಟರು ಮನೋಪರೀಕ್ಷೆಗಳನ್ನು ನಡೆಸಿ ವರದಿ ನೀಡುವರು, ಔಷಧಿ ಬರೆಯುವಂತಿಲ್ಲ. ಇವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾಗಿರಬೇಕು. ನೋಂದಣಿ ಸಂಖ್ಯೆಯನ್ನು ಕೇಳುವುದು ನಾಗರಿಕರ ಹಕ್ಕು, ಅದರಲ್ಲಿ ಸಂಕೋಚಪಡಬೇಕಾಗಿಲ್ಲ. ಆಪ್ತಸಮಾಲೋಚಕರ ನೆರವು ಉಪಯುಕ್ತವಾದರೂ ಅದು ರೋಗನಿರ್ಣಯವಲ್ಲ.

ಖಾಸಗಿ ಕೇಂದ್ರಗಳ ಶುಲ್ಕ ಭರಿಸಲಾಗದವರು ಮೊದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗವನ್ನು ಸಂಪರ್ಕಿಸುವುದು ಸೂಕ್ತ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ 1980ರ ದಶಕದ ಬಳ್ಳಾರಿಯ ಪ್ರಯೋಗವೇ ಮಾದರಿಯಾಗಿತ್ತೆಂಬುದು ಇಲ್ಲಿ ಸ್ಮರಣೀಯ. ಹೆಚ್ಚಿನ ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್ ಹಾಗೂ ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳಿವೆ. ಎಲ್ಲಿಗೆ ಹೋಗಬೇಕೆಂದು ತಿಳಿಯದವರು 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು.

ಪ್ರಮಾಣಪತ್ರದ ವಿಷಯದಲ್ಲಿ ಗೊಂದಲ ಹೆಚ್ಚು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 21 ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯ ಹೆಸರಿದೆ, ಎಡಿಎಚ್‌ಡಿಯ ಹೆಸರಿಲ್ಲ. ಎಡಿಎಚ್‌ಡಿ ವರದಿಯೊಂದನ್ನೇ ಹಿಡಿದು ಪರೀಕ್ಷೆಯ ಹೊತ್ತಿಗೆ ಅರ್ಜಿ ಸಲ್ಲಿಸಿದ ಪೋಷಕರು ನಿರಾಶರಾಗುವುದು ಇದರಿಂದಲೇ. ಮಗುವಿಗೆ ಓದು, ಬರಹ ಅಥವಾ ಲೆಕ್ಕದಲ್ಲಿಯೂ ತೊಡಕಿದ್ದಲ್ಲಿ, ಮೊದಲ ಭೇಟಿಯಲ್ಲಿಯೇ ಕಲಿಕಾ ನ್ಯೂನತೆಯ ಪರೀಕ್ಷೆಯನ್ನೂ ಕೋರಿ, ಅಂಕಪಟ್ಟಿ, ನೋಟ್‌ಪುಸ್ತಕ ಹಾಗೂ ಶಿಕ್ಷಕರ ಪತ್ರವನ್ನು ಜೊತೆಗೆ ಒಯ್ಯತಕ್ಕದ್ದು.