ಅವಧಿಯೇ ಇಲ್ಲದ ಅನುಮತಿ

ಅಮೆರಿಕದ ಸೆನೆಟ್‌ನ ವಿದೇಶಾಂಗ ಸಂಬಂಧಗಳ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯ ಸೆನೆಟರ್ ಅವರೇ,

2001ರ ಸೆಪ್ಟೆಂಬರ್ 14ರ ಶುಕ್ರವಾರ, ನ್ಯೂಯಾರ್ಕಿನ ಅವಳಿ ಗೋಪುರಗಳ ಅವಶೇಷ ಇನ್ನೂ ಹೊಗೆಯಾಡುತ್ತಿದ್ದಾಗ, ತಮ್ಮ ಸೆನೆಟ್ 98–0 ಮತಗಳಿಂದಲೂ ಪ್ರತಿನಿಧಿ ಸಭೆ 420–1 ಮತಗಳಿಂದಲೂ ಒಂದು ನಿರ್ಣಯವನ್ನು ಅಂಗೀಕರಿಸಿದವು. ನಾಲ್ಕು ದಿನ ಬಿಟ್ಟು ಅಧ್ಯಕ್ಷ ಜಾರ್ಜ್ ಬುಷ್ ಅದಕ್ಕೆ ಸಹಿ ಹಾಕಿದರು. ಅದರ ತಿರುಳಾದ ವಾಕ್ಯ ಇಂಗ್ಲಿಷಿನಲ್ಲಿ ಅರವತ್ತೇ ಪದ. ಸೆಪ್ಟೆಂಬರ್ 11ರ ದಾಳಿಯನ್ನು ಯೋಜಿಸಿದವರು, ಅದಕ್ಕೆ ಅಪ್ಪಣೆ ಕೊಟ್ಟವರು, ಅದನ್ನು ನಡೆಸಿದವರು, ನೆರವಾದವರು, ಅಂಥವರಿಗೆ ಆಶ್ರಯ ಕೊಟ್ಟವರು ಯಾರೆಂದು ಅಧ್ಯಕ್ಷರು ತೀರ್ಮಾನಿಸುತ್ತಾರೋ ಅವರ ಮೇಲೆ ಬೇಕಾದಷ್ಟು ಬಲ ಪ್ರಯೋಗಿಸಬಹುದು ಎಂಬುದು ಅದರ ಸಾರ. ಶತ್ರುವಿನ ಹೆಸರಿಲ್ಲ, ದೇಶದ ಹೆಸರಿಲ್ಲ, ಕೊನೆಯ ದಿನಾಂಕವಿಲ್ಲ. ಆ ಕಾನೂನು ಇವತ್ತಿಗೂ ಜಾರಿಯಲ್ಲಿದೆ. ಅದನ್ನು ರದ್ದುಪಡಿಸುವ ಮಸೂದೆಯನ್ನು ತಮ್ಮ ಸಮಿತಿ ಕೈಗೆತ್ತಿಕೊಳ್ಳಲಿ ಎಂದು ಕೇಳಿಕೊಳ್ಳಲು ಈ ಪತ್ರ.

ನಾನು ಕನ್ನಡಿಗ, ಈಗ ಅಮೆರಿಕದ ಪ್ರಜೆ, ಕ್ಯಾಲಿಫೋರ್ನಿಯಾದಲ್ಲಿ ತೆರಿಗೆ ಕಟ್ಟುವವನು. ಇದರ ಇಂಗ್ಲಿಷ್ ಪ್ರತಿ ತಮ್ಮ ಕಚೇರಿಗೆ ಬೇರೆಯಾಗಿ ಬರುತ್ತದೆ. ಅದಕ್ಕೆ ವಾಡಿಕೆಯ ಧನ್ಯವಾದದ ಉತ್ತರವೂ ನನಗೆ ಬರುತ್ತದೆ, ಇರಲಿ. ಕನ್ನಡದಲ್ಲಿ ಎಲ್ಲರೆದುರು ಬರೆಯುತ್ತಿರುವುದು ಏಕೆಂದರೆ, ವಾಷಿಂಗ್ಟನ್ನಿನ ಭಯೋತ್ಪಾದನೆ ನಿಗ್ರಹ ನೀತಿಯ ಬಿಸಿ ಅಲ್ಲಿನ ಮತದಾರರಿಗಿಂತ ಮತ ಹಾಕಲಾಗದ ಹೊರಗಿನವರಿಗೇ ಹೆಚ್ಚು ತಟ್ಟಿದೆ. ಅವರಲ್ಲಿ ನಮ್ಮವರೂ ಇದ್ದಾರೆ.

ನಮ್ಮ ಕಡೆ ಜಿಪಿಎ ಎಂದರೆ ಹಳ್ಳಿಯ ರೈತನಿಗೂ ಗೊತ್ತು. ಜಮೀನು ನೋಡಿಕೊಳ್ಳಲು ಪುರುಸೊತ್ತಿಲ್ಲದವರು, ಪರದೇಶ ಸೇರಿದವರು, ನಂಬಿದವರೊಬ್ಬರ ಹೆಸರಿಗೆ ಜನರಲ್ ಪವರ್ ಆಫ್ ಅಟಾರ್ನಿ ಬರೆದುಕೊಡುತ್ತಾರೆ. ಅವಧಿ ನಮೂದಿಸುವುದನ್ನು ಮರೆಯುತ್ತಾರೆ, ಅಥವಾ ಸಂಕೋಚಕ್ಕೆ ಬಿಡುತ್ತಾರೆ. ಎಷ್ಟೋ ವರ್ಷ ಬಿಟ್ಟು ಊರಿಗೆ ಬಂದರೆ ರಾಗಿ ಹೊಲದಲ್ಲಿ ಲೇಔಟ್ ಎದ್ದಿರುತ್ತದೆ, ಸೈಟು ಕೊಂಡವರ ಮುಖ ಪರಿಚಯವೂ ಇರುವುದಿಲ್ಲ. ತಮ್ಮ ಕಾಂಗ್ರೆಸ್ ಅಂದು ಶ್ವೇತಭವನಕ್ಕೆ ಬರೆದುಕೊಟ್ಟದ್ದು ಇಂಥದೇ ಜಿಪಿಎ. ಹೊಲ ನೋಡಲು ಬಂದು ಕಕ್ಕಾಬಿಕ್ಕಿಯಾದ ದಿನವೂ ಬಂತು. 2017ರ ಅಕ್ಟೋಬರ್ 4ರಂದು ಪಶ್ಚಿಮ ಆಫ್ರಿಕಾದ ನೈಜರ್ ದೇಶದ ಟೊಂಗೊ ಟೊಂಗೊ ಎಂಬ ಹಳ್ಳಿಯ ಬಳಿ ಉಗ್ರರು ಹೊಂಚು ಹಾಕಿ ನಾಲ್ವರು ಅಮೆರಿಕನ್ ಸೈನಿಕರನ್ನು ಕೊಂದರು. ಅಲ್ಲಿ ನಮ್ಮ ಸುಮಾರು ಸಾವಿರ ಸೈನಿಕರಿದ್ದಾರೆ ಎಂಬುದು ತಮಗೆ ಗೊತ್ತೇ ಇರಲಿಲ್ಲ ಎಂದು ಸೆನೆಟರ್ ಲಿಂಡ್ಸೆ ಗ್ರಹಾಂ ಟಿವಿಯಲ್ಲಿ ಹೇಳಿದರು. ಅವರಾಗ ಸೇನೆಯ ಮೇಲ್ವಿಚಾರಣೆಯ ಹೊಣೆ ಹೊತ್ತ ಸಮಿತಿಯ ಸದಸ್ಯರೇ! ಅದೇ ನೈಜರ್‌ನ ಅಗಾಡೆಜ್‌ನಲ್ಲಿ ಹತ್ತು ಕೋಟಿ ಡಾಲರಿಗೂ ಮಿಕ್ಕಿ ಸುರಿದು ಡ್ರೋನ್ ನೆಲೆ ಕಟ್ಟಲಾಯಿತು. 2023ರಲ್ಲಿ ಅಲ್ಲಿ ಸೇನಾ ದಂಗೆಯಾಯಿತು, 2024ರಲ್ಲಿ ಅಮೆರಿಕ ಗಂಟುಮೂಟೆ ಕಟ್ಟಿತು. ಈ ಲಾಭನಷ್ಟದ ಲೆಕ್ಕವನ್ನು ಮತದಾರರ ಎದುರು ಯಾರೂ ಒಪ್ಪಿಸಲಿಲ್ಲ. ಅನುಮತಿಯನ್ನೇ ಕೇಳಿರದಿದ್ದ ಮೇಲೆ ಲೆಕ್ಕ ಕೇಳುವವರಾದರೂ ಯಾರು?

ಅಂದು ಬೇಡವೆಂದ ಆ ಒಂದು ಮತ ಓಕ್ಲೆಂಡಿನ ಬಾರ್ಬರಾ ಲೀ ಅವರದು. ಸೇನಾಧಿಕಾರಿಯ ಮಗಳು. ಯುದ್ಧವೇ ಕೂಡದು ಎಂದು ಆಕೆ ಹೇಳಲಿಲ್ಲ. ಒಂದು ಗಳಿಗೆ ಹಿಂದೆ ಸರಿದು ಯೋಚಿಸೋಣ, ಹೊರಬರುವ ದಾರಿ ಗೊತ್ತಿಲ್ಲದ, ಗುರಿ ಸ್ಪಷ್ಟವಿಲ್ಲದ ಯುದ್ಧಕ್ಕೆ ಖಾಲಿ ಹಾಳೆಯ ಮೇಲೆ ಸಹಿ ಹಾಕಿ ಕೊಡುವುದು ಬೇಡ ಎಂದರು. ಕೊಲೆ ಬೆದರಿಕೆಗಳು ಬಂದವು, ಪೊಲೀಸ್ ಕಾವಲು ಬೇಕಾಯಿತು. ಹದಿನಾರು ವರ್ಷಗಳ ನಂತರ, 2017ರ ಜೂನ್‌ನಲ್ಲಿ, 2001ರ ಕಾನೂನನ್ನು 240 ದಿನಗಳಲ್ಲಿ ಕೊನೆಗಾಣಿಸುವ ಅವರ ತಿದ್ದುಪಡಿಯನ್ನು ಪ್ರತಿನಿಧಿ ಸಭೆಯ ಧನವಿನಿಯೋಗ ಸಮಿತಿ ಒಪ್ಪಿಕೊಂಡಿತು. ರಿಪಬ್ಲಿಕನ್ನರೂ ಕೈ ಜೋಡಿಸಿದರು, ಸಭೆಯಲ್ಲಿ ಚಪ್ಪಾಳೆ ಬಿತ್ತು. ಕೆಲವೇ ವಾರಗಳಲ್ಲಿ ಸಭೆಯ ನಾಯಕತ್ವ ಅದನ್ನು ಸದ್ದಿಲ್ಲದೆ ಕಿತ್ತುಹಾಕಿತು. ತಮ್ಮ ಸದನವೂ ಇದರಲ್ಲಿ ಹಿಂದೆ ಬಿದ್ದಿಲ್ಲ. 2023ರ ಮಾರ್ಚ್‌ನಲ್ಲಿ ಇರಾಕ್ ಯುದ್ಧಗಳ ಹಳೆಯ ಅನುಮತಿಗಳನ್ನು ರದ್ದುಪಡಿಸಲು ಸೆನೆಟ್ 66–30ರಿಂದ ಒಪ್ಪಿತು. ಅದೇ ಚರ್ಚೆಯಲ್ಲಿ ರ‍್ಯಾಂಡ್ ಪಾಲ್ ಅವರು 2001ರದನ್ನೂ ರದ್ದು ಮಾಡೋಣ ಎಂದಾಗ ಸಿಕ್ಕಿದ್ದು ಒಂಬತ್ತು ಮತ, ವಿರೋಧ 86. ಸತ್ತ ಹಾವಿಗೆ ದೊಣ್ಣೆ ಬೀಸುವುದಕ್ಕೆ ಎಲ್ಲರೂ ಮುಂದೆ.

ತಪ್ಪೆಲ್ಲ ಅಧ್ಯಕ್ಷರದೇ ಎನ್ನುವವರು ಒಬಾಮಾ ಅವರ ಕಥೆಯನ್ನು ನೆನೆಯಬೇಕು. 2013ರ ಮೇ ತಿಂಗಳಲ್ಲಿ ಅವರು ಈ ಕಾನೂನನ್ನು ಮೊಟಕುಗೊಳಿಸಿ ಕೊನೆಗೆ ರದ್ದು ಮಾಡಬೇಕೆಂದು ಭಾಷಣ ಮಾಡಿದರು. ಮರು ವರ್ಷ ಐಸಿಸ್ ಮೊಸೂಲ್ ನಗರವನ್ನು ನುಂಗಿತು. ಅದರ ಮೇಲಿನ ಯುದ್ಧಕ್ಕೆ ಒಬಾಮಾ ಸರ್ಕಾರ ಹಿಡಿದ ಆಧಾರ ಅದೇ 2001ರ ಕಾನೂನು. ಸೆಪ್ಟೆಂಬರ್ 11ರಂದು ಐಸಿಸ್ ಹುಟ್ಟಿಯೇ ಇರಲಿಲ್ಲ, ಸಾಲದ್ದಕ್ಕೆ 2014ರ ಹೊತ್ತಿಗೆ ಅದು ಅಲ್ ಕೈದಾದೊಂದಿಗೆ ಜಗಳವಾಡಿ ಬೇರೆಯಾಗಿತ್ತು. ಆದರೂ ಅಲ್ ಕೈದಾದ ಇರಾಕ್ ಶಾಖೆಯ ಸಂತಾನ ಎಂಬ ವಂಶಾವಳಿ ಹೇಳಿ ಒಳಗೆ ಸೇರಿಸಲಾಯಿತು. 2015ರ ಫೆಬ್ರವರಿಯಲ್ಲಿ ಒಬಾಮಾ ಅವರು ಮೂರೇ ವರ್ಷದ ಅವಧಿಯ ಹೊಸ ಕರಡನ್ನು ಕಾಂಗ್ರೆಸ್ಸಿಗೆ ಕಳುಹಿಸಿದರು. ಕಾಂಗ್ರೆಸ್ ಅದನ್ನು ಮತಕ್ಕೇ ಹಾಕಲಿಲ್ಲ. ಹಾಕಿದ್ದರೆ ಹೌದು ಎಂದವರು ಸೋಲಿಗೂ, ಅಲ್ಲ ಎಂದವರು ಮುಂದಿನ ದಾಳಿಗೂ ಹೊಣೆಯಾಗಬೇಕಿತ್ತು. 2016ರಲ್ಲಿ ಸೊಮಾಲಿಯಾದ ಅಲ್ ಶಬಾಬ್ ಕೂಡ ‘ಸಹವರ್ತಿ ಪಡೆ’ಯ ಲೆಕ್ಕಕ್ಕೆ ಸೇರಿತು. ಆ ಮಾತು ಅರವತ್ತು ಪದಗಳಲ್ಲಿ ಎಲ್ಲೂ ಇಲ್ಲ, ವಕೀಲರು ಓದಿ ಸೇರಿಸಿದ್ದು.

ಯಾರು ಶತ್ರು ಎಂಬುದನ್ನು ಸಭೆಯಲ್ಲಿ ಕೂತು ತೀರ್ಮಾನಿಸದಿದ್ದರೆ ಅನುಕೂಲಶಾಸ್ತ್ರ ತೀರ್ಮಾನಿಸುತ್ತದೆ. ಇದನ್ನು ಭಾರತದವರಷ್ಟು ಚೆನ್ನಾಗಿ ಬಲ್ಲವರು ಕಡಿಮೆ. ಆ ಕಾನೂನು ‘ಆಶ್ರಯ ಕೊಟ್ಟವರು’ ಎನ್ನುತ್ತದಲ್ಲ, ಬಿನ್ ಲಾಡೆನ್ 2011ರ ಮೇ 2ರಂದು ಹತನಾದದ್ದು ಪಾಕಿಸ್ತಾನದ ಅಬಟಾಬಾದ್‌ನಲ್ಲಿ, ಆ ದೇಶದ ಸೇನಾ ಅಕಾಡೆಮಿಗೆ ಕೂಗಳತೆಯಲ್ಲಿ. ನ್ಯಾಟೊ ಕೂಟದ ಹೊರಗಿನ ಪ್ರಮುಖ ಮಿತ್ರ ಎಂದು 2004ರಲ್ಲಿ ಪಾಕಿಸ್ತಾನಕ್ಕೆ ಕೊಟ್ಟ ಮಾನ್ಯತೆ ಅದಾದ ಮೇಲೂ ಹೋಗಲಿಲ್ಲ. ಪಾಕಿಸ್ತಾನದ ಮೇಲೆ ಬಾಂಬ್ ಹಾಕಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಹಾಕಿದ್ದೂ ಉಂಟು, ಆದರೆ ರಾವಲ್ಪಿಂಡಿಯ ಜನರಲ್‌ಗಳು ಸುಖವಾಗಿದ್ದರು, ಡ್ರೋನ್ ಹಾರಿದ್ದು ವಜೀರಿಸ್ತಾನದ ಗುಡ್ಡಗಾಡಿನ ಬಡವರ ನೆತ್ತಿಯ ಮೇಲೆ.

ಇನ್ನು ಮುಂಬೈ. 2008ರ ನವೆಂಬರ್ 26ರಿಂದ ಮೂರು ದಿನ ನಡೆದ ದಾಳಿಯಲ್ಲಿ ಸತ್ತ 166 ಮಂದಿಯಲ್ಲಿ ಆರು ಜನ ಅಮೆರಿಕನ್ನರು. ತಾಜ್ ಹೋಟೆಲಿನಲ್ಲಿ ಪ್ರಾಣ ಕೊಟ್ಟ ಮೇಜರ್ ಸಂದೀಪ್ ಉನ್ನಿಕೃಷ್ಣನ್ ನಮ್ಮ ಬೆಂಗಳೂರಿನಲ್ಲಿ ಬೆಳೆದ ಹುಡುಗ. ಆ ದಾಳಿಗಾಗಿ ಮುಂಬೈಗೆ ಮತ್ತೆ ಮತ್ತೆ ಬಂದು ಜಾಗಗಳನ್ನು ಚಿತ್ರೀಕರಿಸಿಕೊಂಡು ಹೋದವನು ಡೇವಿಡ್ ಹೆಡ್ಲಿ, ಅಮೆರಿಕದ ಪ್ರಜೆ. ಹಿಂದೆ ಅಮೆರಿಕದ ಮಾದಕವಸ್ತು ನಿಗ್ರಹ ಸಂಸ್ಥೆಗೇ ಬಾತ್ಮೀದಾರನಾಗಿದ್ದವನು. 2010ರಲ್ಲಿ ಷಿಕಾಗೋದಲ್ಲಿ ತಪ್ಪೊಪ್ಪಿಕೊಂಡಾಗ ಆದ ಒಪ್ಪಂದದಲ್ಲಿ ಅವನಿಗೆ ಮರಣದಂಡನೆಯಿಲ್ಲ, ಭಾರತಕ್ಕೆ ಹಸ್ತಾಂತರವೂ ಇಲ್ಲ ಎಂಬ ಮಾತು ಸಿಕ್ಕಿತು. 35 ವರ್ಷ ಜೈಲು. ಆ ದಾಳಿ ನಡೆಸಿದ ಲಷ್ಕರ್ ಸಂಘಟನೆಯ ಸ್ಥಾಪಕ ಹಫೀಜ್ ಸಯೀದ್ ತಲೆಗೆ ಅಮೆರಿಕ 2012ರಲ್ಲಿ ಒಂದು ಕೋಟಿ ಡಾಲರ್ ಬಹುಮಾನ ಕಟ್ಟಿತು. ಆತ ಲಾಹೋರಿನಲ್ಲಿ ಬಹಿರಂಗ ಸಭೆಗಳಲ್ಲಿ ಭಾಷಣ ಮಾಡಿಕೊಂಡೇ ಇದ್ದ. ಜಗತ್ತಿನ ಮೂಲೆ ಮೂಲೆಗೆ ಚಾಚಿದ ಯುದ್ಧ ಮುಂಬೈ ವಿಷಯಕ್ಕೆ ಬಂದಾಗ ಮಾತ್ರ ತಾಳ್ಮೆ ಕಲಿಯಿತು.

ಸಿರಿಯಾದಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಅಲ್ ಕೈದಾದ ಸಿರಿಯಾ ಶಾಖೆಯನ್ನು ಕಟ್ಟಿದ ಅಬು ಮೊಹಮ್ಮದ್ ಅಲ್ ಜೊಲಾನಿಯ ತಲೆಗೂ ಒಂದು ಕೋಟಿ ಡಾಲರ್ ಬಹುಮಾನವಿತ್ತು. ಆತ 2024ರ ಡಿಸೆಂಬರ್‌ನಲ್ಲಿ ಅಸಾದ್ ಆಡಳಿತವನ್ನು ಉರುಳಿಸಿದ, ಬಹುಮಾನ ರದ್ದಾಯಿತು. ಅಹ್ಮದ್ ಅಲ್ ಶರಾ ಎಂಬ ಸ್ವಂತ ಹೆಸರಿನಲ್ಲಿ, ಸಿರಿಯಾದ ಅಧ್ಯಕ್ಷನಾಗಿ, 2025ರ ನವೆಂಬರ್‌ನಲ್ಲಿ ಶ್ವೇತಭವನದ ಅತಿಥಿಯಾದ. ಇದು ಜಾಣ ರಾಜತಂತ್ರವೇ ಇರಬಹುದು. ಹಳೆಯ ಹಗೆಯೊಂದಿಗೆ ಮಾತಾಡುವುದು ತಪ್ಪಲ್ಲ. ಆದರೆ ಅವನ ಮೇಲಿನ ಯುದ್ಧ ಶುರುವಾದದ್ದು ಯಾವಾಗ, ಮುಗಿದದ್ದು ಯಾವಾಗ ಎಂಬ ಪ್ರಶ್ನೆಗೆ ತಮ್ಮ ಸದನದ ನಡಾವಳಿಯಲ್ಲಿ ಉತ್ತರವಿಲ್ಲ. ಎರಡೂ ಒಬ್ಬರ ಮರ್ಜಿ.

ಬಲ ಕಡಿಮೆಯಾಗಿ ಅಮೆರಿಕ ಎಡವಿದೆ ಎಂದು ನನಗೆ ಅನಿಸುವುದಿಲ್ಲ. ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರ 2021ರ ಅಂದಾಜಿನಂತೆ ಈ ಯುದ್ಧಗಳಿಗೆ ತಗಲಿದ ವೆಚ್ಚ ಎಂಟು ಲಕ್ಷ ಕೋಟಿ ಡಾಲರ್. ನೇರ ಹಿಂಸೆಗೆ ಬಲಿಯಾದವರೇ ಸುಮಾರು ಒಂಬತ್ತು ಲಕ್ಷ. ಕೊರತೆಯಾದದ್ದು ಪ್ರಶ್ನೆಗಳು. ನ್ಯೂಯಾರ್ಕಿನ ಅದೇ ಅವಳಿ ಗೋಪುರಗಳ ನೆಲಮಾಳಿಗೆಯಲ್ಲಿ 1993ರ ಫೆಬ್ರವರಿಯಲ್ಲಿ ಲಾರಿ ಬಾಂಬ್ ಸಿಡಿಸಿದ ರಮ್ಜಿ ಯೂಸುಫ್ 1995ರಲ್ಲಿ ಇಸ್ಲಾಮಾಬಾದ್‌ನಲ್ಲಿ ಸಿಕ್ಕಿಬಿದ್ದ. ನ್ಯೂಯಾರ್ಕಿನ ಸಾಮಾನ್ಯ ಫೆಡರಲ್ ಕೋರ್ಟಿನಲ್ಲಿ ವಿಚಾರಣೆ ನಡೆಯಿತು, 1998ರ ಜನವರಿಗೆ ಶಿಕ್ಷೆಯಾಗಿ ಜೈಲು ಸೇರಿದ. ಅವನ ಸೋದರಮಾವ ಖಾಲಿದ್ ಶೇಖ್ ಮೊಹಮ್ಮದ್ ಸೆಪ್ಟೆಂಬರ್ 11ರ ಸೂತ್ರಧಾರ. 2003ರ ಮಾರ್ಚ್‌ನಲ್ಲಿ ರಾವಲ್ಪಿಂಡಿಯಲ್ಲಿ ಸಿಕ್ಕ. ಸಿಐಎ ತನ್ನ ಗುಪ್ತ ಸೆರೆಮನೆಯಲ್ಲಿ ಅವನಿಗೆ 183 ಬಾರಿ ಉಸಿರುಗಟ್ಟುವಂತೆ ಮುಖಕ್ಕೆ ನೀರು ಸುರಿಯಿತು. ಗ್ವಾಂಟಾನಮೊದ ಮಿಲಿಟರಿ ನ್ಯಾಯಮಂಡಳಿಯಲ್ಲಿ ಅವನ ತೀರ್ಪು ಇನ್ನೂ ಬಂದಿಲ್ಲ. 2024ರಲ್ಲಿ ತಪ್ಪೊಪ್ಪಿಗೆಯ ಒಪ್ಪಂದವೊಂದು ಆಯಿತು, ಎರಡೇ ದಿನಕ್ಕೆ ರಕ್ಷಣಾ ಕಾರ್ಯದರ್ಶಿ ಅದನ್ನು ಹಿಂತೆಗೆದುಕೊಂಡರು. ಅಳಿಯನಿಗೆ ಐದು ವರ್ಷದಲ್ಲಿ ಆದ ನ್ಯಾಯ ಮಾವನಿಗೆ ಇಪ್ಪತ್ತು ವರ್ಷ ಕಳೆದರೂ ಆಗಲಿಲ್ಲ. ಸೆಪ್ಟೆಂಬರ್ 11ರಂದು ಮಕ್ಕಳನ್ನು ಕಳೆದುಕೊಂಡ ಎಷ್ಟೋ ತಂದೆತಾಯಂದಿರು ತೀರ್ಪು ಕೇಳದೆಯೇ ಕಣ್ಣು ಮುಚ್ಚಿದ್ದಾರೆ. ಗ್ವಾಂಟಾನಮೊದ ಸೆರೆಗೂ ಕಾನೂನಿನ ಆಧಾರ ಆ ಅರವತ್ತು ಪದಗಳೇ.

ಎದುರು ವಾದವನ್ನು ನಾನು ತಳ್ಳಿಹಾಕುವುದಿಲ್ಲ. 2001ರ ಪ್ರಮಾಣದ ದಾಳಿ ಅಮೆರಿಕದ ನೆಲದಲ್ಲಿ ಮತ್ತೆ ಆಗಿಲ್ಲ. 2019ರ ಮಾರ್ಚ್‌ನಲ್ಲಿ ಐಸಿಸ್ ತನ್ನ ಕೊನೆಯ ತುಂಡು ನೆಲವನ್ನೂ ಕಳೆದುಕೊಂಡಿತು. ಇದರಲ್ಲಿ ಸೈನಿಕರ, ಗುಪ್ತಚರರ ಪರಿಶ್ರಮವಿದೆ. ಕಾನೂನು ದಿಢೀರನೆ ಹೋದರೆ ರಣರಂಗದಲ್ಲಿರುವವರ ಕಾಲಡಿಯ ನೆಲ ಕುಸಿಯುತ್ತದೆ ಎಂಬ ಸೇನಾಧಿಕಾರಿಗಳ ಆತಂಕವೂ ನಿಜವಾದದ್ದೇ. ಆದರೆ ದಿಢೀರನೆ ರದ್ದು ಮಾಡಿ ಎಂದು ನಾನು ಕೇಳುತ್ತಿಲ್ಲ. ಲೀ ಅವರ 240 ದಿನ ಎಂದರೆ ಎಂಟು ತಿಂಗಳು. ಆ ಎಂಟು ತಿಂಗಳಲ್ಲಿ ಯಾವ ಗುಂಪಿನ ವಿರುದ್ಧ, ಯಾವ ದೇಶದಲ್ಲಿ, ಎಷ್ಟು ಕಾಲ ಬಲ ಬೇಕು ಎಂದು ಸರ್ಕಾರ ಬಂದು ಹೇಳಲಿ. ಸದನ ಒಪ್ಪಿದರೆ ಹೊಸ ಅನುಮತಿ ಸಿಗುತ್ತದೆ. ಮನವೊಲಿಸಲು ಎಂಟು ತಿಂಗಳು ಸಾಲದ ಯುದ್ಧವನ್ನು ಮಾಡದಿರುವುದೇ ಲೇಸು.

ತಡ ಮಾಡಿದ್ದಕ್ಕೆ ಬೆಲೆ ತೆರುತ್ತಲೇ ಇದ್ದೇವೆ. 2021ರ ಆಗಸ್ಟ್ 29ರಂದು, ಅಫ್ಘಾನಿಸ್ತಾನ ಬಿಟ್ಟು ಹೊರಡುವ ಮುನ್ನಾದಿನ, ಕಾಬೂಲಿನಲ್ಲಿ ಡ್ರೋನ್ ದಾಳಿಗೆ ಸತ್ತ ಹತ್ತು ಜನರಲ್ಲಿ ಏಳು ಮಕ್ಕಳು. ಮೊದಲು ‘ಸರಿಯಾದ ದಾಳಿ’ ಎಂದರು. ಪತ್ರಕರ್ತರು ಬೆನ್ನು ಹತ್ತಿದ ಮೇಲೆ ತಪ್ಪಾಯಿತು ಎಂದರು. ಯಾರಿಗೂ ಶಿಕ್ಷೆಯಾಗಲಿಲ್ಲ. ಈಗಂತೂ ಅಭ್ಯಾಸ ಕಾನೂನನ್ನೂ ಮೀರಿ ಬೆಳೆದಿದೆ. 2025ರ ಸೆಪ್ಟೆಂಬರ್ 2ರಂದು ಕೆರಿಬಿಯನ್ ಸಮುದ್ರದಲ್ಲಿ ದೋಣಿಯೊಂದನ್ನು ಸೇನೆ ಉಡಾಯಿಸಿತು. ಹನ್ನೊಂದು ಮಂದಿ ‘ಮಾದಕವಸ್ತು ಭಯೋತ್ಪಾದಕರು’ ಸತ್ತರು ಎಂದು ಸರ್ಕಾರವೇ ಸಾರಿತು. ದಾಳಿಗಳು ಮುಂದುವರಿದವು. ಅದಕ್ಕೆ 2001ರ ಕಾನೂನಿನ ಆಸರೆಯೂ ಬೇಕೆನಿಸಲಿಲ್ಲ. ಅನುಮತಿಯಿಲ್ಲದ ಹೋರಾಟಕ್ಕೆ ಅರವತ್ತು ದಿನಗಳ ಗಡುವು ಹಾಕುವ 1973ರ ಕಾಯಿದೆ ಇದಕ್ಕೆ ಅನ್ವಯಿಸದು ಎಂದು ಸರ್ಕಾರದ ವಕೀಲರು ವಾದಿಸಿದರು. ದೋಣಿಯ ತಪಾಸಣೆಯಿಲ್ಲ, ಬಂಧನವಿಲ್ಲ, ಕೋರ್ಟಿಲ್ಲ. ಒಂದು ಹಣೆಪಟ್ಟಿ ಅಂಟಿಸಿದರೆ ಸಾಕು.

ಯುದ್ಧ ಘೋಷಿಸುವ ಅಧಿಕಾರ ಕಾಂಗ್ರೆಸ್ಸಿನದು ಎಂದು ಸಂವಿಧಾನದ ಮೊದಲನೇ ವಿಧಿಯ ಎಂಟನೇ ಸೆಕ್ಷನ್ ಹೇಳುತ್ತದೆ. ಪೌರತ್ವ ಪಡೆಯುವಾಗ ಆ ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣ ಮಾಡಿಸಿದ್ದೀರಿ. ಕಾಂಗ್ರೆಸ್ ಆ ಅಧಿಕಾರವನ್ನು ಔಪಚಾರಿಕವಾಗಿ ಕೊನೆಯ ಬಾರಿ ಬಳಸಿದ್ದು 1942ರಲ್ಲಿ.

ನನ್ನ ಕೋರಿಕೆ ಮೂರು ಮಾತಿನದು. 2001ರ ಕಾನೂನನ್ನು ರದ್ದುಪಡಿಸುವ ಮಸೂದೆಗೆ ಸಮಿತಿಯಲ್ಲಿ ದಿನಾಂಕ ಗೊತ್ತುಮಾಡಿ, ಸದಸ್ಯರೆಲ್ಲರ ಮತ ದಾಖಲಾಗಲಿ. ಅದರ ಹೆಸರಿನಲ್ಲಿ ಯಾವ ಯಾವ ದೇಶಗಳಲ್ಲಿ, ಯಾವ ಯಾವ ಗುಂಪುಗಳ ಮೇಲೆ ಬಲ ಪ್ರಯೋಗವಾಗಿದೆ ಎಂಬ ಪಟ್ಟಿಯನ್ನು ಗೋಪ್ಯ ಪುಟಗಳಿಲ್ಲದೆ ಪ್ರಕಟಿಸಿ. ವಿಚಾರಣೆಗೆ ಕರೆಯುವ ಸಾಕ್ಷಿಗಳಲ್ಲಿ ನಿವೃತ್ತ ಜನರಲ್‌ಗಳ ಜೊತೆಗೆ 2025ರಲ್ಲಿ ಓಕ್ಲೆಂಡಿನ ಮೇಯರ್ ಆದ ಬಾರ್ಬರಾ ಲೀ ಕೂಡ ಇರಲಿ. ಆಕೆಗೆ ಅಂದು ಮಾತಾಡಲು ಸಿಕ್ಕಿದ್ದು ಬರೀ ಒಂದೆರಡು ನಿಮಿಷ.

ಇಂತಿ ತಮ್ಮ ವಿಶ್ವಾಸಿ,
ಕ್ಯಾಲಿಫೋರ್ನಿಯಾದ ಒಬ್ಬ ಕನ್ನಡಿಗ ಮತದಾರ