ಲಾಗ್‌ಬುಕ್ ಇಲ್ಲದ ಯುದ್ಧ

ಈ ಸಂಚಿಕೆಯ ಮುಖ್ಯ ಲೇಖನಗಳೆಲ್ಲ ನೌಕಾಯುದ್ಧದ ಸಿನಿಮಾಗಳನ್ನು ಕುರಿತವು. ಅವುಗಳ ಕರಡು ತಿದ್ದುತ್ತಿದ್ದ ವಾರದಲ್ಲೇ ನಾನು ಗೋಪಿನಾಥಂಗೆ ಹೋಗಿಬಂದೆ. ಹನೂರು, ಕೌದಳ್ಳಿ, ತಾಳಬೆಟ್ಟ ದಾಟಿ, ಮಲೆ ಮಹದೇಶ್ವರ ಬೆಟ್ಟ ಹತ್ತಿ ಇಳಿದು, ಪಾಲಾರ್ ಬಳಿ ಕಾಡಿನ ದಾರಿ ಹಿಡಿದರೆ ಆ ಊರು. ಅಲ್ಲಿಂದ ಸಮುದ್ರ ಬಲು ದೂರ. ಆ ಸೀಮೆಯವರು ಕಂಡ ನಾವೆಯೆಂದರೆ ಹೊಗೇನಕಲ್ಲಿನ ಕಡೆ ಕಾವೇರಿಯಲ್ಲಿ ಸುತ್ತುವ ತೆಪ್ಪ. ಹಾಗಿದ್ದರೂ ಚೀಲದಲ್ಲಿದ್ದ ಆ ಕರಡುಪ್ರತಿಗಳಲ್ಲಿ ಎದ್ದಿದ್ದ ಪ್ರಶ್ನೆಯೇ ಗೋಪಿನಾಥಂನಲ್ಲೂ ಎದುರು ನಿಂತಿತು. ಸತ್ತವರ ಕತೆಯನ್ನು ತೆರೆಗೆ ತರುವವನು ನಿಜಕ್ಕೆ ಎಷ್ಟು ಋಣಿ?

ನಮ್ಮ ನೌಕಾಪಡೆಯ ಕತೆಯನ್ನೇ ಮೊದಲು ನೋಡೋಣ. 1971ರ ಡಿಸೆಂಬರ್ 3 ಮತ್ತು 4ರ ನಡುವಿನ ರಾತ್ರಿ ವಿಶಾಖಪಟ್ಟಣದ ಹೊರಗೆ ಪಾಕಿಸ್ತಾನದ ಜಲಾಂತರ್ಗಾಮಿ ಘಾಜಿ ಮುಳುಗಿತು. ಒಳಗಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ. ನಮ್ಮ ನೌಕಾಪಡೆ ಹೇಳುವ ಪ್ರಕಾರ ಅದನ್ನು ಮುಳುಗಿಸಿದ್ದು ಐಎನ್‌ಎಸ್ ರಜಪೂತ್ ಹಾಕಿದ ಸಿಡಿಗುಂಡುಗಳು. ಪಾಕಿಸ್ತಾನ ಹೇಳುವುದು ಬೇರೆ: ತಾನು ಹರಡಲು ತಂದ ಮೈನುಗಳೋ ಒಳಗಿನ ಸ್ಫೋಟವೋ ಅದನ್ನು ಬಲಿ ತೆಗೆದುಕೊಂಡವು ಎಂದು. 2017ರಲ್ಲಿ ತೆಲುಗು ಮತ್ತು ಹಿಂದಿಯಲ್ಲಿ ಬಂದ ಸಂಕಲ್ಪ್ ರೆಡ್ಡಿಯವರ ಸಿನಿಮಾ ಈ ಎರಡನ್ನೂ ಬಿಟ್ಟು, ಎಸ್21 ಎಂಬ ಭಾರತದ ಜಲಾಂತರ್ಗಾಮಿ ನೀರಿನಡಿಯಲ್ಲೇ ಘಾಜಿಯ ಜೊತೆ ಸೆಣಸಿ ಗೆದ್ದಿತು ಎಂದು ತೋರಿಸಿತು. ಎಸ್21 ಎನ್ನುವುದು ನಮ್ಮ ನಿಜವಾದ ಹಡಗು ಕರಂಜ್‌ನ ಸಂಖ್ಯೆ. ಆದರೆ ಅಂಥ ಸೆಣಸಾಟ ನಡೆದಿದ್ದಕ್ಕೆ ಯಾವ ದಾಖಲೆಯೂ ಇಲ್ಲ. ಚಿತ್ರ ನೋಡಿದವರು ಮಕ್ಕಳಿಗೆ ಹೇಳುವುದು ಮಾತ್ರ ಆ ಸೆಣಸಾಟದ ಕತೆಯನ್ನೇ. ರಜಪೂತ್ ಎಂಬ ಹೆಸರು ಅವರ ಬಾಯಿಗೆ ಬರುವುದಿಲ್ಲ.

ಇನ್ನೊಂದು ಉದಾಹರಣೆ ಹಾಲಿವುಡ್‌ನದು. 2000ದಲ್ಲಿ ಬಂದ 'ಯು-571' ಚಿತ್ರದಲ್ಲಿ ಅಮೆರಿಕದ ನಾವಿಕರು ಜರ್ಮನ್ ಜಲಾಂತರ್ಗಾಮಿಯೊಂದರಿಂದ ಎನಿಗ್ಮಾ ಗುಪ್ತಲಿಪಿ ಯಂತ್ರವನ್ನು ಕಿತ್ತು ತರುತ್ತಾರೆ. ನಿಜದಲ್ಲಿ ಯು-110 ಎಂಬ ನೌಕೆಯಿಂದ ಆ ಯಂತ್ರವನ್ನು ತಂದವರು ಬ್ರಿಟಿಷ್ ಹಡಗು ಬುಲ್‌ಡಾಗ್‌ನವರು, 1941ರ ಮೇ 9ರಂದು. ಅಮೆರಿಕ ಆಗಿನ್ನೂ ಯುದ್ಧಕ್ಕೆ ಇಳಿದೇ ಇರಲಿಲ್ಲ. ಚಿತ್ರ ಬ್ರಿಟನ್ನಿನಲ್ಲಿ ಎಷ್ಟು ನೋವುಂಟುಮಾಡಿತೆಂದರೆ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಎದ್ದು, ಇದು ಆ ನಾವಿಕರಿಗಾದ ಅವಮಾನ ಎಂಬ ಮಾತನ್ನು ಪ್ರಧಾನಿ ಟೋನಿ ಬ್ಲೇರ್ ಒಪ್ಪಿಕೊಂಡರು. ಚಿತ್ರಕತೆ ಬರೆದವರಲ್ಲಿ ಒಬ್ಬರಾದ ಡೇವಿಡ್ ಆಯರ್ ಮುಂದೆ ಅದಕ್ಕಾಗಿ ಬಹಿರಂಗವಾಗಿಯೇ ಪಶ್ಚಾತ್ತಾಪಪಟ್ಟರು.

ನನ್ನನ್ನು ಹೆಚ್ಚು ಕಾಡುವುದು 1960ರ 'ಸಿಂಕ್ ದಿ ಬಿಸ್ಮಾರ್ಕ್'. ಆ ಚಿತ್ರ ಕಾರ್ಯಾಚರಣೆಯ ನಕಾಶೆಯನ್ನು, ಹಡಗುಗಳ ಓಡಾಟವನ್ನು ಬಹುಮಟ್ಟಿಗೆ ಸರಿಯಾಗಿಯೇ ತೋರಿಸುತ್ತದೆ. ತಪ್ಪುವುದು ಮನುಷ್ಯನ ವಿಷಯದಲ್ಲಿ. ಜರ್ಮನ್ ಅಡ್ಮಿರಲ್ ಲ್ಯೂಟ್ಯೆನ್ಸ್ ಅಲ್ಲಿ ಹಿಟ್ಲರನ ಅಬ್ಬರದ ಭಕ್ತ. ನಿಜದ ಲ್ಯೂಟ್ಯೆನ್ಸ್ 1938ರಲ್ಲಿ ಯೆಹೂದಿಗಳ ಮೇಲೆ ನಡೆದ ದಾಳಿಯನ್ನು ಪ್ರತಿಭಟಿಸಿದ್ದ ಅಧಿಕಾರಿ. 1941ರ ಮೇ 27ರಂದು ಅವರು ತಮ್ಮ ಹಡಗು ಬಿಸ್ಮಾರ್ಕ್ ಜೊತೆಗೇ ಮುಳುಗಿದರು. ಸಿನಿಮಾ ಬಂದಾಗ ಉತ್ತರ ಹೇಳಲು ಅವರಿರಲಿಲ್ಲ. ಹಡಗಿನ ಉದ್ದ, ತೋಪಿನ ಸಂಖ್ಯೆ, ಬಾವುಟದ ಬಣ್ಣ ಇವನ್ನು ತಿದ್ದಿಕೊಳ್ಳುವುದು ಸುಲಭ. ಸತ್ತವನ ಮನಸ್ಸನ್ನು ತಪ್ಪಾಗಿ ಬರೆದುಬಿಟ್ಟರೆ ತಿದ್ದಲು ಬರುವವರು ಯಾರು?

ಇಷ್ಟಾದರೂ ಕಡಲಿನ ಯುದ್ಧಕ್ಕೆ ಒಂದು ಭಾಗ್ಯವಿದೆ. ಪ್ರತಿ ಹಡಗಿಗೂ ಒಂದು ಲಾಗ್‌ಬುಕ್ ಇರುತ್ತದೆ. ಎಷ್ಟು ಗಂಟೆಗೆ ದಿಕ್ಕು ಬದಲಿಸಿದರು, ಎಷ್ಟು ಗಂಟೆಗೆ ಗುಂಡು ಹಾರಿಸಿದರು ಎಂಬುದೆಲ್ಲ ಅಲ್ಲಿ ಬರೆದಿರುತ್ತದೆ. ಸಿನಿಮಾ ತಪ್ಪಿದರೂ ಯಾರೋ ಒಬ್ಬರು ಪತ್ರಾಗಾರಕ್ಕೆ ಹೋಗಿ ಪುಟ ತೆರೆದು ತೋರಿಸಬಹುದು. ಕಾಡುಗಳ್ಳ ವೀರಪ್ಪನ್‌ನ ಕಾಲದಲ್ಲಿ ಗೋಪಿನಾಥಂನ ಕಾಡಿನಲ್ಲಿ ನಡೆದದ್ದಕ್ಕೆ ಅಂಥ ಪುಸ್ತಕವಿಲ್ಲ. ಅದನ್ನು ಯುದ್ಧ ಎಂದು ಕರೆದದ್ದೂ ಸಿನಿಮಾದವರೇ. ಎ.ಎಂ.ಆರ್. ರಮೇಶ್ ಅವರು 2013ರಲ್ಲಿ ಕನ್ನಡದಲ್ಲಿ 'ಅಟ್ಟಹಾಸ' ತೆಗೆದಾಗ ಅದರ ತಮಿಳು ರೂಪಕ್ಕೆ ಇಟ್ಟ ಹೆಸರು 'ವನಯುದ್ಧಂ'. ಯುದ್ಧವೆಂದು ಹೆಸರಿಟ್ಟ ಮೇಲೆ ಯುದ್ಧದ ಸಿನಿಮಾಗಳಿಗೆ ಕೇಳುವ ಪ್ರಶ್ನೆಗಳನ್ನೇ ಅದಕ್ಕೂ ಕೇಳಬೇಕಾಗುತ್ತದೆ.

ಕೇಳೋಣ. ವೀರಪ್ಪನ್ ಹುಟ್ಟಿದ್ದು ಗೋಪಿನಾಥಂನಲ್ಲಿ, 1952ರಲ್ಲಿ. ಆಗ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮೈಸೂರಿಗೆ ಬಂದದ್ದು 1956ರಲ್ಲಿ. ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ, ಹನೂರು ತಾಲ್ಲೂಕಾದದ್ದು ಅದಕ್ಕಿಂತ ಎಷ್ಟೋ ವರ್ಷಗಳ ಮೇಲೆ. ಎಂದರೆ ಈ ಕತೆಯ ಮೊದಲ ವರ್ಷಗಳ ಘಟನೆಗಳು ಬಹುಪಾಲು ನಡೆದದ್ದು ಮೈಸೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿನಲ್ಲಿ. ಊರಿನ ಮನೆಮಾತು ಬಹುಪಾಲು ತಮಿಳು. ಸುತ್ತಲ ಬೆಟ್ಟಗಳ ಸೋಲಿಗರದು ಸೋಲಿಗ ನುಡಿ. ಅರಣ್ಯ ಇಲಾಖೆ, ಪೊಲೀಸ್ ಠಾಣೆ, ಕೋರ್ಟು ಇವುಗಳ ವ್ಯವಹಾರ ಕನ್ನಡದಲ್ಲಿ. ಒಬ್ಬ ಹೇಳಿದ್ದು ಇನ್ನೊಬ್ಬನಿಗೆ ಅರ್ಥವಾಗದೆ, ಅರ್ಥವಾದರೂ ನಂಬಿಕೆ ಹುಟ್ಟದೆ, ಎಷ್ಟು ಜೀವ ಹೋದವೋ. ಕನ್ನಡ ಸಿನಿಮಾದಲ್ಲಿ ಇವರೆಲ್ಲ ಒಂದೇ ಕನ್ನಡ ಆಡಿದರೆ, ತಮಿಳು ಸಿನಿಮಾದಲ್ಲಿ ಒಂದೇ ತಮಿಳು ಆಡಿದರೆ, ಆ ಕತ್ತಲೆ ತೆರೆಯ ಮೇಲೆ ಕಾಣಿಸುವುದೇ ಇಲ್ಲ. ನನ್ನ ಮಟ್ಟಿಗೆ ಇದು ತಪ್ಪು ಬಾವುಟ ಹಾರಿಸಿದ ಹಡಗಿಗಿಂತ ದೊಡ್ಡ ತಪ್ಪು.

ದೇವರಾಜ್ ನಟಿಸಿದ 'ವೀರಪ್ಪನ್' ತೆರೆಗೆ ಬಂದದ್ದು 1991ರಲ್ಲಿ. ಕತೆಯ ಮನುಷ್ಯ ಆಗ ಕಾಡಿನಲ್ಲಿ ಬದುಕಿದ್ದ. ರಾಮಾಪುರ ಠಾಣೆಯ ಮೇಲಿನ ದಾಳಿ ಆಗಿನ್ನೂ ನಡೆದಿರಲಿಲ್ಲ, ಅದು 1992ರ ಮೇ ತಿಂಗಳಿನದು. ಮೀಣ್ಯಂ ಬಳಿ ಮೈಸೂರಿನ ಎಸ್‌ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹ್ಮದ್ ಮತ್ತು ಅವರ ಜೊತೆಗಿದ್ದ ಪೊಲೀಸರು ಹೊಂಚುದಾಳಿಗೆ ಸಿಕ್ಕಿ ಸತ್ತದ್ದು ಅದೇ ವರ್ಷದ ಆಗಸ್ಟ್ 14ರಂದು. ಪಾಲಾರ್ ಬಳಿ ನೆಲಬಾಂಬು ಸಿಡಿದು 22 ಮಂದಿ ಹೋದದ್ದು 1993ರ ಏಪ್ರಿಲ್ 9ರಂದು. ನಟ ರಾಜ್‌ಕುಮಾರ್ ಅವರನ್ನು ಗಾಜನೂರಿನಿಂದ ಎಳೆದೊಯ್ದದ್ದು 2000ದ ಜುಲೈ 30ರಂದು. ಮಾಜಿ ಸಚಿವ ನಾಗಪ್ಪನವರನ್ನು ಕಾಮಗೆರೆಯಿಂದ ಹೊತ್ತೊಯ್ದದ್ದು 2002ರ ಆಗಸ್ಟ್‌ನಲ್ಲಿ, ಅವರು ಹೆಣವಾಗಿ ಸಿಕ್ಕಿದ್ದು ಡಿಸೆಂಬರ್‌ನಲ್ಲಿ. ಇಷ್ಟೂ ಘೋರ ಮುಂದೆ ಬರಲಿದೆ ಎನ್ನುವಾಗಲೇ ಸಿನಿಮಾ ಅವನನ್ನು ನಾಯಕಪಾತ್ರದ ಎತ್ತರಕ್ಕೆ ಏರಿಸಿ ಮುಗಿಸಿತ್ತು. ನಂತರದ ಚಿತ್ರಗಳಿಗೆ ಆ ಆಕಾರ ಸಿದ್ಧವಾಗಿಯೇ ದೊರೆಯಿತು: ಮೀಸೆ, ಬಂದೂಕು, ಹಸಿರು ಉಡುಪು. 'ಅಟ್ಟಹಾಸ'ದಲ್ಲಿ ಕಿಶೋರ್, 2016ರ 'ಕಿಲ್ಲಿಂಗ್ ವೀರಪ್ಪನ್'ನಲ್ಲಿ ಸಂದೀಪ್ ಭಾರದ್ವಾಜ್, ಇಬ್ಬರೂ ರೂಪದಲ್ಲಿ ಬೆರಗಾಗುವಷ್ಟು ಹತ್ತಿರ ಬಂದರು. ರೂಪಕ್ಕೆ ಪಟ್ಟ ಶ್ರಮವನ್ನು ಊರಿಗೂ ಪಟ್ಟಿದ್ದರೆ ಎಂದು ಅನಿಸದೆ ಇರುವುದಿಲ್ಲ.

2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿಯ ಪಾಪರಪಟ್ಟಿ ಬಳಿ ಆಂಬುಲೆನ್ಸ್‌ನಲ್ಲಿ ಬಂದ ವೀರಪ್ಪನ್‌ನನ್ನು ಮುಗಿಸಿದ್ದು ಕೆ. ವಿಜಯಕುಮಾರ್ ಅವರ ನೇತೃತ್ವದ ತಮಿಳುನಾಡಿನ ಪಡೆ. ರಾಮ್‌ಗೋಪಾಲ್ ವರ್ಮ ಅವರ 'ಕಿಲ್ಲಿಂಗ್ ವೀರಪ್ಪನ್'ನಲ್ಲಿ ಆ ಬೇಟೆಯ ನಾಯಕ ಶಿವರಾಜ್‌ಕುಮಾರ್, ತಂದೆ ರಾಜ್‌ಕುಮಾರ್ ಅವರ 108 ದಿನಗಳ ಸೆರೆಯನ್ನು ಮನೆಯೊಳಗಿಂದ ಕಂಡ ಮಗ. ಆ ನಟನೆಯ ಹಿಂದಿನ ನೋವು ದೊಡ್ಡದು, ಅದನ್ನು ನಾನು ಗೌರವಿಸುತ್ತೇನೆ. ಆದರೆ ಕನ್ನಡದ ಪ್ರೇಕ್ಷಕನ ಮನಸ್ಸಿನಲ್ಲಿ ಉಳಿಯುವುದು ನಮ್ಮ ಕಡೆಯ ಗೆಲುವು ಎಂಬ ಭಾವನೆಯೇ. ಬುಲ್‌ಡಾಗ್‌ನ ನಾವಿಕರ ನೆನಪಾಗುವುದು ಆಗ.

ಬಿಟ್ಟುಹೋದವರಲ್ಲಿ ನನ್ನ ಮನಸ್ಸು ಪದೇ ಪದೇ ಹೋಗಿ ನಿಲ್ಲುವುದು ಪಿ. ಶ್ರೀನಿವಾಸ್ ಅವರ ಬಳಿ. ಆಂಧ್ರದ ರಾಜಮಹೇಂದ್ರಿಯಿಂದ ಬಂದ ಭಾರತೀಯ ಅರಣ್ಯ ಸೇವೆಯ ಅಧಿಕಾರಿ. 1986ರಲ್ಲಿ ಸೆರೆಸಿಕ್ಕಿದ್ದ ವೀರಪ್ಪನ್ ಬೂದಿಪಡಗದ ಅರಣ್ಯ ಬಂಗಲೆಯಿಂದ ತಪ್ಪಿಸಿಕೊಂಡ ಮೇಲೆ, ಅವನನ್ನು ಮತ್ತೆ ಹಿಡಿಯಲು ಅವರು ಆರಿಸಿಕೊಂಡ ದಾರಿ ಬೇರೆಯದು. ಗೋಪಿನಾಥಂನಲ್ಲೇ ನೆಲೆ ನಿಂತರು. ಕುಡಿಯುವ ನೀರು ತರಿಸಿದರು, ಔಷಧಿಯ ವ್ಯವಸ್ಥೆ ಮಾಡಿದರು, ಊರವರ ಜೊತೆ ಸೇರಿ ಮಾರಿಯಮ್ಮನ ಗುಡಿ ಕಟ್ಟಿಸಿದರು. ಕಳ್ಳಸಾಗಣೆಗೆ ಹೋದವರನ್ನು ಮಾತಿನಿಂದ ಹಿಂದಕ್ಕೆ ಕರೆತಂದರು, ಹಲವರು ಶರಣಾದರು. ವೀರಪ್ಪನ್ ತಾನೂ ಶರಣಾಗುತ್ತಾನೆ ಎಂಬ ಸುದ್ದಿ ನಂಬಿ 1991ರ ನವೆಂಬರ್ 10ರಂದು ಆಯುಧವಿಲ್ಲದೆ ಎರಕೆಯಂ ಕಡೆಯ ಕಾಡಿಗೆ ನಡೆದರು. ದೀಪಾವಳಿ ಕಳೆದು ಆಗಿನ್ನೂ ವಾರವಾಗಿರಲಿಲ್ಲ. ಅಲ್ಲಿ ಅವರನ್ನು ಕೊಂದು ತಲೆ ಕಡಿದರು. 1992ರಲ್ಲಿ ಸರ್ಕಾರ ಕೀರ್ತಿಚಕ್ರ ಕೊಟ್ಟಿತು. ಗುಡಿಯಲ್ಲಿ ಅವರ ಭಾವಚಿತ್ರಕ್ಕೆ ಇಂದಿಗೂ ಪೂಜೆಯಾಗುತ್ತದೆ. ಕಾಡುಗಳ್ಳ ಹುಟ್ಟಿದ ಊರು ಎಂದು ನಾವೆಲ್ಲ ಗುರುತಿಸುವ ಊರು, ಅರಣ್ಯಾಧಿಕಾರಿಯೊಬ್ಬರನ್ನು ದೇವರ ಪಕ್ಕದಲ್ಲಿ ಇರಿಸಿಕೊಂಡಿದೆ.

ಸಿನಿಮಾದವರಿಗೆ ಶ್ರೀನಿವಾಸರ ಸಾವು ಬೇಕಾಗುತ್ತದೆ, ಏಕೆಂದರೆ ಅದರ ಮೇಲೆ ಸೇಡಿನ ಕತೆ ಕಟ್ಟಬಹುದು. ಅವರ ಬದುಕನ್ನು ತೋರಿಸುವುದೇ ಕಷ್ಟ. ನೀರು ಬಂದ ದಿನ ಕೊಡ ಹಿಡಿದು ನಿಂತ ಹೆಂಗಸರು, ಔಷಧಿಗಾಗಿ ಕಾದ ಮುದುಕರು, ಗುಡಿಯ ಕಲ್ಲು ಏರುವುದನ್ನು ನೋಡುತ್ತ ಕುಳಿತ ಹುಡುಗರು, ಇವರ ನಡುವೆ ಒಬ್ಬ ಅಧಿಕಾರಿ ನಿಧಾನವಾಗಿ ನಂಬಿಕೆ ಗಳಿಸುವುದನ್ನು ತೋರಿಸಲು ಎರಡು ನಿಮಿಷದ ಹಿನ್ನೆಲೆ ಸಂಗೀತ ಸಾಲದು. ಅದನ್ನು ತೋರಿಸದಿದ್ದರೆ ಆ ಸಾವು ಏಕೆ ಅಷ್ಟು ದೊಡ್ಡದು ಎಂಬುದೇ ತಿಳಿಯುವುದಿಲ್ಲ. ಹೊಡೆದಾಟವೆಲ್ಲ ಚಾಚೂ ತಪ್ಪದೆ ನಡೆದಂತೆಯೇ ಇದ್ದು, ಇದೊಂದು ಇಲ್ಲದಿದ್ದರೂ ಅಂಥ ಸಿನಿಮಾವನ್ನು ನಾನು ಸುಳ್ಳು ಎಂದೇ ಕರೆಯುತ್ತೇನೆ.

ಇನ್ನೊಂದು ಬದಿಯೂ ಇದೆ, ಹೇಳದೆ ಬಿಡುವಂತಿಲ್ಲ. ಎರಡು ರಾಜ್ಯಗಳ ವಿಶೇಷ ಕಾರ್ಯಪಡೆಗಳ ಕೈಯಲ್ಲಿ ಹಳ್ಳಿಗರು ಅನುಭವಿಸಿದ್ದನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಿತು. ಮಹದೇಶ್ವರ ಬೆಟ್ಟದಲ್ಲಿ 'ವರ್ಕ್‌ಶಾಪ್' ಎಂದು ಕರೆಯುತ್ತಿದ್ದ ಜಾಗದಲ್ಲಿ ತಮಗಾದ ಹಿಂಸೆಯನ್ನು ಹೆಂಗಸರು ಗಂಡಸರು ಆ ಸಮಿತಿಯ ಮುಂದೆ ಹೇಳಿಕೊಂಡರು. 2007ರಲ್ಲಿ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದಿತು. ಪಾಲಾರ್ ಪ್ರಕರಣದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ನಾಲ್ವರ ಶಿಕ್ಷೆಯನ್ನು ಸುಪ್ರೀಂ ಕೋರ್ಟು 2014ರ ಜನವರಿಯಲ್ಲಿ ಜೀವಾವಧಿಗೆ ಇಳಿಸಿತು. ಗೋಪಿನಾಥಂನ ಯುದ್ಧಕ್ಕೆ ಲಾಗ್‌ಬುಕ್ ಇಲ್ಲ ಎಂದೆ. ಇದ್ದುದರಲ್ಲಿ ಅದಕ್ಕೆ ಹತ್ತಿರದವು ಈ ಸಾಕ್ಷ್ಯಗಳು ಮತ್ತು ಮೈಸೂರಿನ ಟಾಡಾ ನ್ಯಾಯಾಲಯದ ಕಡತಗಳು. ವೀರಪ್ಪನ್ ಮಾಡಿದ ಕೊಲೆಗಳ ಲೆಕ್ಕ ಒಂದು ಕಡೆ 120 ಇದ್ದರೆ ಇನ್ನೊಂದು ಕಡೆ 180 ದಾಟುತ್ತದೆ. ಆನೆಗಳ ಲೆಕ್ಕ ನೂರರಿಂದ ಸಾವಿರಕ್ಕೆ ಜಿಗಿಯುತ್ತದೆ. ದೊಡ್ಡ ಅಂಕಿಯನ್ನೇ ಪರದೆಯ ಮೇಲೆ ಬರೆಯುವ ಆಸೆಯನ್ನು ಬಿಟ್ಟು ಈ ಕಡತಗಳ ಮುಂದೆ ಒಂದು ತಿಂಗಳು ಕೂತರೆ ಸಿನಿಮಾ ಬೇರೆಯೇ ಆದೀತು. 2023ರಲ್ಲಿ ಬಂದ ಸೆಲ್ವಮಣಿ ಸೆಲ್ವರಾಜ್ ಅವರ ನಾಲ್ಕು ಕಂತಿನ ಸಾಕ್ಷ್ಯಚಿತ್ರ, ಬದುಕಿರುವವರನ್ನೇ ಎದುರಿಗೆ ಕೂರಿಸಿ ಮಾತಾಡಿಸಿ, ಆ ದಾರಿಯಲ್ಲಿ ಹೆಜ್ಜೆ ಇಟ್ಟಿತು.

ಈ ಸಂಚಿಕೆಯಲ್ಲಿ ಕಡಲಿದೆ, ಕಾಡಿಲ್ಲ. ಆ ಕೊರತೆಯನ್ನು ತುಂಬಿಕೊಳ್ಳಲು ಮುಂದಿನ ಸಂಚಿಕೆಯ ಕೆಲವು ಪುಟಗಳನ್ನು ಗೋಪಿನಾಥಂ, ಪಾಲಾರ್, ಮಾರ್ಟಳ್ಳಿ, ರಾಮಾಪುರ, ಮೀಣ್ಯಂ ಕಡೆಯವರ ನೆನಪುಗಳಿಗೆ ಮೀಸಲಿಟ್ಟಿದ್ದೇವೆ. ಆಗ ಪಡೆಯಲ್ಲಿದ್ದವರು ಬರೆಯಿರಿ, ಪಡೆಗೆ ಹೆದರಿ ಓಡಿದವರೂ ಬರೆಯಿರಿ. ತಮಿಳಿನಲ್ಲಿ ಬರೆದರೂ ಸರಿ, ಸೋಲಿಗ ನುಡಿಯಲ್ಲಿ ಹೇಳಿ ಯಾರಿಂದಾದರೂ ಬರೆಸಿ ಕಳಿಸಿದರೂ ಸರಿ, ಕನ್ನಡಕ್ಕೆ ತರುವ ಕೆಲಸ ನಮ್ಮದು. ಹೆಸರು ಹಾಕಬೇಡಿ ಎಂದರೆ ಹಾಕುವುದಿಲ್ಲ. ತಾರೀಕು ನೆನಪಿಲ್ಲದಿದ್ದರೆ ಮಹದೇಶ್ವರನ ಯಾವ ಜಾತ್ರೆಯ ಹಿಂದೆ, ಯಾವ ಜಾತ್ರೆಯ ಮುಂದೆ ಎಂದಷ್ಟೇ ತಿಳಿಸಿ. ವರ್ಷ ಹುಡುಕುವ ಕೆಲಸವನ್ನೂ ನಾವೇ ಮಾಡಿಕೊಳ್ಳುತ್ತೇವೆ.